ಬಿಸಿಲುನಾಡಿನ ಹಾಸುನೆಲ: ಕಲ್ಲು, ಕಾಂಕ್ರೀಟು ಮತ್ತು ಬಣ್ಣದ ಲೆಕ್ಕ

ಅಂಗಳಕ್ಕೋ, ಕಾಲುದಾರಿಗೋ, ಕಾರು ನಿಲ್ಲಿಸುವ ಜಾಗಕ್ಕೋ ಏನನ್ನು ಹಾಸಬೇಕು ಎಂಬ ಮಾತು ಬಂದಾಗ ಜನ ಸಾಮಾನ್ಯವಾಗಿ ಎರಡು ಪಕ್ಷವಾಗಿಬಿಡುತ್ತಾರೆ. ನೈಸರ್ಗಿಕ ಕಲ್ಲು ತಂಪು, ಕಾಂಕ್ರೀಟು ಕಾಯುತ್ತದೆ ಎನ್ನುವವರು ಒಂದು ಕಡೆ. ಕಲ್ಲೆಂದರೆ ಬರಿಯ ಶೋಕಿ, ಅಚ್ಚಿನಲ್ಲಿ ಒತ್ತಿದ ಕಾಂಕ್ರೀಟ್ ಬಿಲ್ಲೆಗಳಾದ ಪೇವರ್‌ಗಳೇ ಗಟ್ಟಿ ಎನ್ನುವವರು ಇನ್ನೊಂದು ಕಡೆ. ಬಿಸಿಲಿನ ಮಟ್ಟಿಗೆ ಹೇಳುವುದಾದರೆ ಈ ಜಗಳ ಶುರುವಾಗಿರುವುದೇ ತಪ್ಪು ಜಾಗದಲ್ಲಿ ಎಂಬುದು ಈ ಉಪನ್ಯಾಸದ ಒಟ್ಟು ವಾದ. ನೆಲ ಎಷ್ಟು ಕಾಯುತ್ತದೆ ಎಂಬುದನ್ನು ಎಲ್ಲಕ್ಕಿಂತ ಮೊದಲು ತೀರ್ಮಾನಿಸುವುದು ಅದರ ಬಣ್ಣ ಮತ್ತು ಅದರ ಮೇಲೆ ಬೀಳುವ ನೆರಳು. ಕೆಳಗಿನ ಪದರ ಮತ್ತು ತೇವದ ಸರದಿ ಅನಂತರದ್ದು. ಕಲ್ಲೋ ಕಾಂಕ್ರೀಟೋ ಎಂಬ ಪ್ರಶ್ನೆಗೆ ನಿಜವಾದ ತೂಕ ಬರುವುದು ಇವು ತೀರ್ಮಾನವಾದ ಮೇಲೆ, ಅದೂ ಶಾಖಕ್ಕಿಂತ ಹೆಚ್ಚಾಗಿ ಉಪ್ಪು, ಭಾರ, ಹಿಗ್ಗುವಿಕೆ ಮತ್ತು ದುರಸ್ತಿಯ ವಿಷಯದಲ್ಲಿ.

ಶಾಖದ ಜಮಾಖರ್ಚನ್ನು ಮೊದಲು ನೋಡೋಣ. ಮೋಡವಿಲ್ಲದ ನಡುಹಗಲಿನಲ್ಲಿ ಸಮತಟ್ಟಾದ ಒಂದು ಚದರ ಮೀಟರ್ ನೆಲದ ಮೇಲೆ ಸುಮಾರು 1,000 ವ್ಯಾಟ್‌ನಷ್ಟು ಬಿಸಿಲು ಬೀಳುತ್ತದೆ. ಅದರಲ್ಲಿ ಒಂದು ಪಾಲು ನೆಲಕ್ಕೆ ತಾಗಿ ಹಾಗೆಯೇ ಪ್ರತಿಫಲಿಸುತ್ತದೆ. ಉಳಿದದ್ದು ಶಾಖವಾಗಿ ನೆಲದೊಳಗೆ ಸೇರುತ್ತದೆ. ಸೇರಿದ ಶಾಖ ಹೊರಗೆ ಹೋಗಲು ಇರುವ ದಾರಿಗಳು ಕೆಲವೇ: ಮೇಲೆ ಹಾಯುವ ಗಾಳಿ, ಆಕಾಶದ ಕಡೆಗೆ ಹೊಮ್ಮುವ ಅವಗೆಂಪು ವಿಕಿರಣ, ಕೆಳಗಿನ ಮಣ್ಣು, ತೇವವಿದ್ದರೆ ಆವಿ. ವಿಕಿರಣವನ್ನು ಹೊಮ್ಮಿಸುವ ಸಾಮರ್ಥ್ಯದಲ್ಲಿ ಕಲ್ಲಿಗೂ ಕಾಂಕ್ರೀಟಿಗೂ ಗಮನಿಸುವಂಥ ವ್ಯತ್ಯಾಸವಿಲ್ಲ. ಗರಿಷ್ಠ ಸಾಮರ್ಥ್ಯ 1 ಎಂದಿಟ್ಟುಕೊಂಡರೆ ಎರಡೂ ಸಾಮಾನ್ಯವಾಗಿ 0.85ರಿಂದ 0.95ರ ನಡುವೆ ಇರುತ್ತವೆ. ಗಾಳಿಯಂತೂ ಎರಡಕ್ಕೂ ಒಂದೇ. ಆದುದರಿಂದ ಲೆಕ್ಕವನ್ನು ಏರುಪೇರು ಮಾಡುವುದು ಮೊದಲ ಸಂಖ್ಯೆ, ಅಂದರೆ ಬಿದ್ದ ಬಿಸಿಲಿನಲ್ಲಿ ನೆಲ ಎಷ್ಟನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂಬುದು. ಹತ್ತನೇ ಒಂದು ಪಾಲನ್ನು ಮಾತ್ರ ಪ್ರತಿಫಲಿಸುವ ಕಪ್ಪು ನೆಲ 900 ವ್ಯಾಟ್ ನುಂಗಿದರೆ, ಹತ್ತರಲ್ಲಿ ಆರು ಪಾಲನ್ನು ಹಿಂದಿರುಗಿಸುವ ಕೆನೆಬಣ್ಣದ ನೆಲ ನುಂಗುವುದು 400 ವ್ಯಾಟ್. ಗಾಳಿ ಮಂದವಾಗಿರುವ ಮಧ್ಯಾಹ್ನ ಈ ಅಂತರವೊಂದೇ ಎರಡರ ಮೇಲ್ಮೈಗಳ ನಡುವೆ 20 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ವ್ಯತ್ಯಾಸವನ್ನು ತರಬಲ್ಲದು.

ಈಗ ನಮ್ಮ ಎರಡು ಪಕ್ಷಗಳನ್ನು ಈ ಅಳತೆಯ ಪಕ್ಕದಲ್ಲಿಟ್ಟು ನೋಡಬೇಕು. ಹೊಸ ಡಾಂಬರು ಬಿಸಿಲಿನ 5ರಿಂದ 10 ಶೇಕಡವನ್ನಷ್ಟೇ ಪ್ರತಿಫಲಿಸುತ್ತದೆ. ಹೊಸ ಬೂದು ಕಾಂಕ್ರೀಟು 35ರಿಂದ 40 ಶೇಕಡದವರೆಗೆ ಪ್ರತಿಫಲಿಸುತ್ತದೆ. ಕೊಳೆ ಕೂತು, ಓಡಾಟದಿಂದ ಸವೆದು ಹಳತಾದಂತೆ ಅದು 20ರಿಂದ 30 ಶೇಕಡಕ್ಕೆ ಇಳಿಯುತ್ತದೆ. ಬಿಳಿ ಸಿಮೆಂಟಿನಿಂದ ಮಾಡಿದ ಪೇವರ್ ಹೊಸದಿರುವಾಗ 70 ಶೇಕಡದ ಹತ್ತಿರ ಹೋಗಬಲ್ಲದು. ಅದೇ ಕಾರ್ಖಾನೆಯ ಅದೇ ಅಚ್ಚಿನಲ್ಲಿ ಕಪ್ಪು ವರ್ಣಕ ಬೆರೆಸಿ ತೆಗೆದ ಪೇವರ್ ಡಾಂಬರಿನ ಸಾಲಿಗೆ ಇಳಿಯುತ್ತದೆ. ಕಲ್ಲಿನಲ್ಲೂ ಕಥೆ ಬೇರೆಯಲ್ಲ: ಬಸಾಲ್ಟ್, ಕಪ್ಪು ಗ್ರಾನೈಟ್ ಮತ್ತು ಗಾಢ ಸ್ಲೇಟ್ ಒಂದು ತುದಿಯಲ್ಲಿ, ತಿಳಿ ಸುಣ್ಣಕಲ್ಲು, ಅದರದೇ ರಂಧ್ರಮಯ ಬಗೆಯಾದ ಟ್ರಾವರ್ಟೈನ್, ಬಿಳಿ ಅಮೃತಶಿಲೆ ಇನ್ನೊಂದು ತುದಿಯಲ್ಲಿ. ಹೀಗಿರುವಾಗ ಕಲ್ಲು ತಂಪು ಎಂಬ ಮಾತಿಗಾಗಲಿ, ಕಾಂಕ್ರೀಟು ಬಿಸಿ ಎಂಬ ಮಾತಿಗಾಗಲಿ ಯಾವ ಕಲ್ಲು, ಯಾವ ಕಾಂಕ್ರೀಟು ಎಂದು ಕೇಳದೆ ಅರ್ಥವೇ ಇಲ್ಲ. ಟ್ರಾವರ್ಟೈನ್ ಬಿಸಿಲಿಗೂ ತಂಪಾಗಿರುತ್ತದೆ ಎಂಬ ಖ್ಯಾತಿಯ ಬಹುಪಾಲು ಶ್ರೇಯಸ್ಸು ಸಲ್ಲಬೇಕಾದದ್ದು ಅದರ ರಂಧ್ರಗಳಿಗಲ್ಲ, ಅದರ ತಿಳಿಬಣ್ಣಕ್ಕೆ.

ಪ್ರತಿಫಲನ ಮತ್ತು ವಿಕಿರಣ ಎರಡನ್ನೂ ಒಟ್ಟುಗೂಡಿಸಿ ಹೇಳುವ ಒಂದು ಅಳತೆಯಿದೆ. ಅದನ್ನು ಸೌರ ಪ್ರತಿಫಲನ ಸೂಚ್ಯಂಕ ಎನ್ನುತ್ತಾರೆ. 5 ಶೇಕಡ ಪ್ರತಿಫಲಿಸುವ ಆದರ್ಶ ಕಪ್ಪು ಮೇಲ್ಮೈಗೆ ಸೊನ್ನೆ, 80 ಶೇಕಡ ಪ್ರತಿಫಲಿಸುವ ಆದರ್ಶ ಬಿಳಿ ಮೇಲ್ಮೈಗೆ 100 ಎಂದು ಇಟ್ಟುಕೊಂಡು ಉಳಿದವನ್ನು ಇವುಗಳಿಗೆ ಹೋಲಿಸಿ ಎಣಿಸುತ್ತಾರೆ. ಹೊಸ ಬೂದು ಕಾಂಕ್ರೀಟು ಈ ಮಾಪಕದಲ್ಲಿ ಸುಮಾರು 35 ಪಡೆಯುತ್ತದೆ. ಹಸಿರು ಕಟ್ಟಡಗಳ ಲೀಡ್ ಶ್ರೇಣೀಕರಣದ ಹಿಂದಿನ ಆವೃತ್ತಿಗಳು ಹಾಸುನೆಲಕ್ಕೆ ಕನಿಷ್ಠ 29 ಇರಬೇಕೆಂದು ಕೇಳುತ್ತಿದ್ದವು. ನಾಲ್ಕನೆಯ ಆವೃತ್ತಿ ನೇರವಾಗಿ ಪ್ರತಿಫಲನವನ್ನೇ ನೋಡುತ್ತದೆ, ಹೊಸದರಲ್ಲಿ 0.33 ಅಥವಾ ಮೂರು ವರ್ಷ ಬಳಸಿದ ಮೇಲೆ 0.28. ಮಾರಾಟಗಾರರಲ್ಲಿ ಕೇಳಬೇಕಾದ ಸಂಖ್ಯೆ ಇದು, ಅದರಲ್ಲೂ ಮೂರು ವರ್ಷದ ನಂತರದ್ದು. ತಂಪು ಎಂಬ ವಿಶೇಷಣವನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿ ಈ ಸಂಖ್ಯೆಯನ್ನು ಎಲ್ಲಿಯೂ ಕೊಡದ ಕರಪತ್ರವನ್ನು ಪಕ್ಕಕ್ಕಿಡುವುದು ಒಳ್ಳೆಯದು.

ಬಣ್ಣದ ಮಹಿಮೆಗೆ ಮೆಕ್ಕಾದ ಮಸ್ಜಿದ್ ಅಲ್ ಹರಾಮ್‌ನ ಅಂಗಳಕ್ಕಿಂತ ದೊಡ್ಡ ಸಾಕ್ಷಿ ಸಿಗುವುದು ಕಷ್ಟ. ಕಾಬಾದ ಸುತ್ತ ಜನ ಬರಿಗಾಲಿನಲ್ಲಿ ಪ್ರದಕ್ಷಿಣೆ ಹಾಕುವ ಆ ಬಯಲಿಗೆ ಗ್ರೀಸಿನ ಥಾಸೋಸ್ ದ್ವೀಪದ ಅಚ್ಚಬಿಳಿ ಅಮೃತಶಿಲೆಯನ್ನು ಹಾಸಿದ್ದಾರೆ. ಕೆಳಗೆ ತಣ್ಣೀರಿನ ಕೊಳವೆಗಳಿವೆ ಎಂಬ ವದಂತಿ ಆಗಾಗ ಹರಡುತ್ತದೆಯಾದರೂ ನೆಲದ ತಂಪಿಗೆ ಮುಖ್ಯ ಕಾರಣ ಆ ಕಲ್ಲು ಬಿಸಿಲನ್ನು ಬಹುಮಟ್ಟಿಗೆ ಹಿಂದಕ್ಕೆ ಎಸೆಯುವುದೇ ಆಗಿದೆ. ವಿಶೇಷವೆಂದರೆ ಅಮೃತಶಿಲೆ ಶಾಖವನ್ನು ಚೆನ್ನಾಗಿ ಹಾಯಿಸುವ ಕಲ್ಲು. ಒಮ್ಮೆ ಕಾದರೆ ಪಾದಕ್ಕೆ ಶಾಖವನ್ನು ಬೇಗ ದಾಟಿಸುವ ಸ್ವಭಾವ ಅದರದ್ದು. ಕಾಯಲು ಬಿಡದಿದ್ದಾಗ ಅದೇ ಸ್ವಭಾವ ಪಾದಕ್ಕೆ ಅನುಕೂಲವಾಗುತ್ತದೆ.

ಈ ಸ್ವಭಾವವನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ, ಏಕೆಂದರೆ ಕಲ್ಲಿಗೂ ಕಾಂಕ್ರೀಟಿಗೂ ಶಾಖದ ವಿಷಯದಲ್ಲಿ ಇರುವ ನಿಜವಾದ ವ್ಯತ್ಯಾಸ ಇಲ್ಲಿದೆ. ಒಂದೇ ಕೋಣೆಯಲ್ಲಿ ಒಂದೇ ಉಷ್ಣಾಂಶದಲ್ಲಿರುವ ಕಬ್ಬಿಣದ ಸರಳು ಕೈಗೆ ತಣ್ಣಗೆ, ಮರದ ಹಲಗೆ ಬೆಚ್ಚಗೆ ತಾಗುವಂತೆ, ಒಂದೇ ಮಟ್ಟಕ್ಕೆ ಕಾದ ಎರಡು ನೆಲಗಳು ಪಾದಕ್ಕೆ ಬೇರೆ ಬೇರೆಯಾಗಿ ತಾಗುತ್ತವೆ. ಇದನ್ನು ತೀರ್ಮಾನಿಸುವುದು ವಸ್ತುವಿನ ಉಷ್ಣವಾಹಕತೆ, ಸಾಂದ್ರತೆ ಮತ್ತು ಶಾಖ ಹಿಡಿದಿಡುವ ಶಕ್ತಿ ಈ ಮೂರರ ಗುಣಲಬ್ಧ. ಗ್ರಾನೈಟಿನ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ ಸುಮಾರು 3 ವ್ಯಾಟ್. ಕಾಂಕ್ರೀಟಿನದು 1ರಿಂದ 1.8ರ ನಡುವೆ, ಸುಣ್ಣಕಲ್ಲು ಬಹುತೇಕ ಕಾಂಕ್ರೀಟಿನ ನೆರೆಯಲ್ಲೇ ಇದೆ. ಮೇಲ್ಮೈ 60 ಡಿಗ್ರಿ ಕಾದಿದೆ, ಪಾದದ ಚರ್ಮ 35 ಡಿಗ್ರಿ ಇದೆ ಎಂದಿಟ್ಟುಕೊಂಡು ಲೆಕ್ಕ ಹಾಕಿದರೆ, ಕಾಲಿಟ್ಟ ಕ್ಷಣ ಚರ್ಮ ಮತ್ತು ನೆಲ ಕೂಡುವಲ್ಲಿ ಗ್ರಾನೈಟಿನ ಮೇಲೆ ಸುಮಾರು 52 ಡಿಗ್ರಿ, ಕಾಂಕ್ರೀಟಿನ ಮೇಲೆ ಸುಮಾರು 50 ಡಿಗ್ರಿ, ಮರದ ಮೇಲೆ ಸುಮಾರು 42 ಡಿಗ್ರಿ ಬರುತ್ತದೆ. ಅಂದರೆ ಕಲ್ಲಿಗೂ ಕಾಂಕ್ರೀಟಿಗೂ ನಡುವೆ ಎರಡು ಡಿಗ್ರಿ. ಬಣ್ಣ ಬದಲಿಸಿದರೆ ಮೇಲ್ಮೈಯಲ್ಲಿ ಸಿಗುವುದು ಅದರ ಹತ್ತು ಪಟ್ಟು. ಚರ್ಮ ಸುಡುವ ವಿಷಯದಲ್ಲಿ ಈ ಡಿಗ್ರಿಗಳು ಹಗುರವಾದವಲ್ಲ: 44 ಡಿಗ್ರಿಯಲ್ಲಿ ಗಾಯವಾಗಲು ಗಂಟೆಗಳು ಬೇಕು, 60 ಡಿಗ್ರಿಯಲ್ಲಿ ಸೆಕೆಂಡುಗಳು ಸಾಕು. ನೆಲದ ಮೇಲೆ ಬಿದ್ದು ತಾವಾಗಿ ಏಳಲಾರದ ವೃದ್ಧರಿಗೆ, ತೆವಳುವ ಕೂಸುಗಳಿಗೆ, ಸಾಕುನಾಯಿಗಳ ಪಾದಗಳಿಗೆ ಈ ಲೆಕ್ಕ ನೇರವಾಗಿ ಅನ್ವಯಿಸುತ್ತದೆ.

ಮೇಲ್ಮೈ ಒರಟಾಗಿದ್ದರೆ ಪಾದಕ್ಕೆ ತಾಗುವ ಜಾಗ ಕಡಿಮೆಯಾಗುತ್ತದೆ, ಸುಡುವಿಕೆಯೂ ಸ್ವಲ್ಪ ಕಡಿಮೆ ಅನಿಸುತ್ತದೆ. ಟ್ರಾವರ್ಟೈನ್‌ನ ಗುಳಿಗಳು ಸಹಾಯ ಮಾಡುವುದು ಇಷ್ಟರ ಮಟ್ಟಿಗೆ.

ಇನ್ನು ರಾತ್ರಿಯ ಮಾತು. ಹಗಲಿನ ಶಾಖ ನೆಲದೊಳಗೆ ಎಷ್ಟು ಆಳ ಇಳಿಯುತ್ತದೆ ಎಂದು ಲೆಕ್ಕ ಹಾಕಿದರೆ ಕಾಂಕ್ರೀಟಿನಲ್ಲಿ ಸುಮಾರು 14 ಸೆಂಟಿಮೀಟರ್, ಗ್ರಾನೈಟಿನಲ್ಲಿ ಸುಮಾರು 20 ಸೆಂಟಿಮೀಟರ್ ಸಿಗುತ್ತದೆ. ಪೇವರ್‌ನ ದಪ್ಪ 6 ಅಥವಾ 8 ಸೆಂಟಿಮೀಟರ್, ಚಪ್ಪಡಿಯ ದಪ್ಪ ಇನ್ನೂ ಕಡಿಮೆ. ಹಾಗಾಗಿ ಶಾಖವನ್ನು ಕೂಡಿಡುವ ಉಗ್ರಾಣ ನಾವು ಹಾಸಿದ ವಸ್ತುವಿನಷ್ಟೇ ಅದರ ಕೆಳಗಿನ ಮರಳು, ಜಲ್ಲಿ, ಕಾಂಕ್ರೀಟ್ ತಳ ಎಲ್ಲವೂ ಹೌದು. 20 ಮಿಲಿಮೀಟರ್ ಬದಲು 40 ಮಿಲಿಮೀಟರ್ ಕಲ್ಲು ಹಾಕಿಸಿದರೆ ಅಂಗಳ ತಂಪಾದೀತು ಎಂಬ ನಿರೀಕ್ಷೆಗೆ ಇಲ್ಲಿ ಆಧಾರವಿಲ್ಲ. ಒಂದೇ ಬಣ್ಣದ ಗ್ರಾನೈಟು ಮತ್ತು ಕಾಂಕ್ರೀಟನ್ನು ಹೋಲಿಸಿದರೆ, ಶಾಖವನ್ನು ಬೇಗ ಕೆಳಗಿಳಿಸುವ ಗ್ರಾನೈಟಿನ ಮೇಲ್ಮೈ ಮಧ್ಯಾಹ್ನ ತುಸು ಕಡಿಮೆ ಕಾಯುತ್ತದೆ, ಕೂಡಿಟ್ಟದ್ದನ್ನು ಮಾತ್ರ ಸಂಜೆಯಿಂದ ರಾತ್ರಿಯವರೆಗೆ ಹೊರಗೆ ಬಿಡುತ್ತಿರುತ್ತದೆ. ಸಂಜೆ ಹೊತ್ತಿನಲ್ಲಿ ಕೂರಲೆಂದೇ ಮಾಡಿಸುವ ಜಗಲಿಗೂ ಮಲಗುವ ಕೋಣೆಯ ಕಿಟಕಿಯ ಕೆಳಗಿನ ಹಾಸಿಗೂ ಇದು ಗಮನಿಸಬೇಕಾದ ಸಂಗತಿ. ತಾರಸಿಯ ಮೇಲೆ ಕಾಲುಗಳ ಮೇಲೆ ಎತ್ತಿಟ್ಟು, ಅಡಿಯಲ್ಲಿ ಗಾಳಿ ಆಡಲು ಬಿಡುವ ಚಪ್ಪಡಿಗಳ ನಡತೆ ಬೇರೆ: ಬೇಗ ಕಾಯುತ್ತವೆ, ಹೊತ್ತು ಮುಳುಗಿದ ಮೇಲೆ ಬೇಗ ಆರುತ್ತವೆ.

ಇಷ್ಟೆಲ್ಲ ಕೇಳಿದ ಮೇಲೆ ಎಲ್ಲ ಕಡೆಯೂ ಬಿಳಿ ಹಾಸಿಬಿಡೋಣ ಎಂದು ಹೊರಡುವುದೂ ಸರಿಯಲ್ಲ. ನೆಲ ನುಂಗದ ಬಿಸಿಲು ಮಾಯವಾಗುವುದಿಲ್ಲ; ಅದು ಎದುರಿನ ಗೋಡೆಗೆ, ಕಿಟಕಿಯ ಗಾಜಿಗೆ, ಅಲ್ಲಿ ನಿಂತವರ ಮೈಗೆ ಬಡಿಯುತ್ತದೆ. ಅಮೆರಿಕದ ಫೀನಿಕ್ಸ್ ನಗರ 2020ರಲ್ಲಿ ಡಾಂಬರು ರಸ್ತೆಗಳಿಗೆ ತಿಳಿಬಣ್ಣದ ಲೇಪ ಬಳಿಯುವ ಯೋಜನೆಯನ್ನು ಆರಂಭಿಸಿತು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಜೊತೆ ನಡೆಸಿದ ಅಧ್ಯಯನದ ಫಲಿತಾಂಶ 2021ರಲ್ಲಿ ಹೊರಬಂದಾಗ, ಲೇಪವಿಲ್ಲದ ರಸ್ತೆಗಿಂತ ಲೇಪ ಬಳಿದ ರಸ್ತೆಯ ಮೇಲ್ಮೈ ನಡುಹಗಲಿನಲ್ಲಿ 10.5ರಿಂದ 12 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 6ರಿಂದ 7 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿದ್ದುದು ಕಂಡುಬಂತು. ಅದೇ ಹೊತ್ತಿನಲ್ಲಿ ಅದರ ಮೇಲೆ ನಿಂತ ಮನುಷ್ಯನ ಮೈಗೆ ತಾಗುವ ಶಾಖ ಸುಮಾರು 3 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚಿತ್ತು. ಪ್ರತಿಫಲನವೇ ಇದಕ್ಕೆ ಕಾರಣ. ಕಣ್ಣು ಕುಕ್ಕುವ ತೊಂದರೆ ಬೇರೆ. ಆದುದರಿಂದ ಜನ ನಿಂತು ಮಾತನಾಡುವ, ಮಕ್ಕಳು ಆಡುವ ತೆರೆದ ಬಯಲಿಗೆ ಅಚ್ಚಬಿಳಿಗಿಂತ ಮರಳುಬಣ್ಣ, ತಿಳಿಬೂದು, ಕೆನೆಬಣ್ಣಗಳು ಮೇಲು ಎಂಬುದು ನನ್ನ ಅಭಿಪ್ರಾಯ. ಹೊಳಪು ಕೊಟ್ಟ ಬಿಳಿಯನ್ನಂತೂ ತೆರೆದ ಜಾಗದಲ್ಲಿ ಬಳಸಲೇಬಾರದು.

ನೆರಳಿನ ವಿಷಯವನ್ನು ಚಿಕ್ಕದಾಗಿ ಹೇಳಿದರೂ ಅದರ ಮಹತ್ವ ಚಿಕ್ಕದಲ್ಲ. ಬಿಸಿಲಿಗೆ ತೆರೆದಿಟ್ಟ ವಸ್ತುಗಳ ಗರಿಷ್ಠ ಉಷ್ಣಾಂಶಕ್ಕಿಂತ ನೆರಳಿನಲ್ಲಿರುವ ಮೇಲ್ಮೈಗಳು 11ರಿಂದ 25 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿರಬಹುದು ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತದೆ. ಬಣ್ಣ ಬದಲಿಸದೆ ಬರಿಯ ವಸ್ತುವನ್ನು ಬದಲಿಸಿದರೆ ಯಾವ ಕಲ್ಲೂ, ಯಾವ ಪೇವರೂ ಇಷ್ಟನ್ನು ಕೊಡಲಾರದು. ಪಶ್ಚಿಮದ ಇಳಿಬಿಸಿಲನ್ನು ತಡೆಯುವ ಒಂದು ಮರಕ್ಕೋ ಚಪ್ಪರಕ್ಕೋ ಹಣ ಉಳಿಯಲೆಂದು ಹಾಸಿನ ವಿಸ್ತಾರವನ್ನೇ ಕಡಿಮೆ ಮಾಡುವುದು ಅನೇಕ ಮನೆಗಳಲ್ಲಿ ಜಾಣತನದ ಆಯ್ಕೆಯಾಗುತ್ತದೆ.

ನೀರಿನ ಲೆಕ್ಕ ಇನ್ನೂ ಕುತೂಹಲದ್ದು. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2.4 ಮೆಗಾಜೂಲ್ ಶಾಖವನ್ನು ಎಳೆದುಕೊಂಡು ಹೋಗುತ್ತದೆ. ಕಡುಬೇಸಗೆಯ ಒಂದು ಸ್ವಚ್ಛ ದಿನದಲ್ಲಿ ಒಂದು ಚದರ ಮೀಟರ್ ನೆಲಕ್ಕೆ ಬೀಳುವ ಒಟ್ಟು ಬಿಸಿಲು 22ರಿಂದ 25 ಮೆಗಾಜೂಲ್. ಅಂದರೆ ಚದರ ಮೀಟರಿಗೆ ಒಂದು ಲೀಟರ್ ನೀರು ಆವಿಯಾದರೆ ದಿನದ ಬಿಸಿಲಿನ ಹತ್ತನೇ ಒಂದು ಪಾಲು ಕಳೆದಂತೆ. ಅಗಲವಾದ ಸಂದುಗಳಲ್ಲಿ ಸಣ್ಣ ಜಲ್ಲಿ ತುಂಬಿ, ಕೆಳಗೂ ಜಲ್ಲಿಯ ಹಾಸು ಕೊಟ್ಟು, ಮಳೆನೀರು ಇಳಿಯುವಂತೆ ಮಾಡಿದ ಕಾಂಕ್ರೀಟ್ ಪೇವರ್‌ಗಳಿಗೂ, ತೇವ ಹೀರಿ ನಿಧಾನವಾಗಿ ಬಿಡುವಂತೆ ತಯಾರಿಸಿದ ಪೇವರ್‌ಗಳಿಗೂ ತಾತ್ವಿಕವಾಗಿ ಇಲ್ಲಿ ಅನುಕೂಲವಿದೆ. ತೇವ ಇದ್ದಷ್ಟು ಹೊತ್ತು ಮಾತ್ರ ಇದು ನಿಜ ಎಂಬುದನ್ನು ಮಾರುವವರು ಹೇಳುವುದಿಲ್ಲ. ಮಳೆಯಾಗಿ ಒಂದೆರಡು ದಿನ ಕಳೆದು ಮೇಲ್ಭಾಗ ಒಣಗಿದ ಮೇಲೆ, ರಂಧ್ರಗಳಿಂದಾಗಿ ಶಾಖವನ್ನು ಕೆಳಕ್ಕೆ ಹಾಯಿಸಲಾರದ ಇಂಥ ನೆಲ ಸಾಮಾನ್ಯ ನೆಲಕ್ಕಿಂತ ಹೆಚ್ಚು ಕಾಯುವುದೂ ಉಂಟು. ಬೇಸಗೆಯಲ್ಲಿ ತಿಂಗಳುಗಟ್ಟಲೆ ಮಳೆಯಿಲ್ಲದ ಒಣ ಹವೆಯಲ್ಲಿ ನೀರಿಳಿಸುವ ಹಾಸನ್ನು ಅಂತರ್ಜಲಕ್ಕಾಗಿ ಆರಿಸಿಕೊಳ್ಳಬೇಕೇ ಹೊರತು ತಂಪಿಗಾಗಿ ಅಲ್ಲ.

ಬಣ್ಣ, ನೆರಳು, ನೀರು ತೀರ್ಮಾನವಾದವು ಎಂದಿಟ್ಟುಕೊಳ್ಳೋಣ. ಈಗ ಕಲ್ಲು ಮತ್ತು ಕಾಂಕ್ರೀಟಿನ ನಡುವಿನ ಆಯ್ಕೆಗೆ ಬರಬಹುದು.

ಹಾಸುಗಲ್ಲಿನ ಬಗ್ಗೆ ಸಿಗುವ ಸಲಹೆಗಳಲ್ಲಿ ಬಹಳಷ್ಟು ಚಳಿನಾಡುಗಳಲ್ಲಿ ಹುಟ್ಟಿದವು. ಅಲ್ಲಿ ಕಲ್ಲಿನ ದೊಡ್ಡ ಶತ್ರು ರಂಧ್ರಗಳಲ್ಲಿ ಹೆಪ್ಪುಗಟ್ಟಿ ಹಿಗ್ಗುವ ನೀರು, ಜೊತೆಗೆ ಹಿಮ ಕರಗಿಸಲು ಎರಚುವ ಉಪ್ಪು. ಹಿಮವೇ ಬೀಳದ ಊರಿನಲ್ಲಿ ಆ ಪರೀಕ್ಷೆಗಳಲ್ಲಿ ಸೋತ ಮೆದು ಸುಣ್ಣಕಲ್ಲು, ಮರಳುಗಲ್ಲುಗಳೂ ಚೆನ್ನಾಗಿಯೇ ಬಾಳಬಹುದು. ಬಿಸಿಲುನಾಡಿನ ಶತ್ರು ಬೇರೆ: ಅದು ಕೆಳಗಿನಿಂದ ಬರುವ ಉಪ್ಪು. ಅಂತರ್ಜಲದಲ್ಲಿ ಲವಣವಿದ್ದರೆ, ಅಥವಾ ಸಮುದ್ರ ಹತ್ತಿರವಿದ್ದರೆ, ಲವಣನೀರು ಸೂಕ್ಷ್ಮರಂಧ್ರಗಳ ಮೂಲಕ ಮೇಲೇರುತ್ತದೆ. ಮೇಲ್ಮೈಯ ಬಳಿ ನೀರು ಆವಿಯಾಗಿ ಉಪ್ಪು ಹರಳುಗಟ್ಟುತ್ತದೆ. ಸೋಡಿಯಂ ಸಲ್ಫೇಟ್ ಇವುಗಳಲ್ಲಿ ಕುಖ್ಯಾತವಾದದ್ದು. 32.4 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಅದು ನೀರಿಲ್ಲದ ಹರಳಾಗಿ ನಿಲ್ಲುತ್ತದೆ. ಅದಕ್ಕಿಂತ ಕೆಳಗೆ ನೀರು ಸಿಕ್ಕಿದರೆ ಹತ್ತು ನೀರಿನ ಅಣುಗಳನ್ನು ಕೂಡಿಸಿಕೊಂಡು ಮೂರು ಪಟ್ಟಿಗೂ ಹೆಚ್ಚು ಗಾತ್ರದ ಹರಳಾಗುತ್ತದೆ. ಹಗಲು ಈ ಗಡಿಯ ಮೇಲೆ, ರಾತ್ರಿ ಕೆಳಗೆ ಹೋಗಿಬರುವ ಹವೆಯಲ್ಲಿ ರಂಧ್ರಗಳ ಗೋಡೆಗಳು ದಿನದಿನವೂ ಒತ್ತಡಕ್ಕೆ ಸಿಕ್ಕಿ, ಕಲ್ಲಿನ ಮೈ ಪುಡಿಪುಡಿಯಾಗಿ ಉದುರತೊಡಗುತ್ತದೆ. ಇಂಥ ನೆಲದಲ್ಲಿ ರಂಧ್ರವಿರುವ ಕಲ್ಲಷ್ಟೇ ಅಲ್ಲ, ಸಾಮಾನ್ಯ ಸಿಮೆಂಟಿನ ಕಾಂಕ್ರೀಟೂ ಸೋಲುತ್ತದೆ, ಏಕೆಂದರೆ ಸಲ್ಫೇಟು ಗಟ್ಟಿಗೊಂಡ ಸಿಮೆಂಟಿನ ಜೊತೆಗೇ ರಾಸಾಯನಿಕವಾಗಿ ಸೆಣಸುತ್ತದೆ. ಕೆಳಗೆ ದಪ್ಪ ಜಲ್ಲಿಯ ಪದರ ಕೊಟ್ಟು ನೀರಿನ ಏರಿಕೆಯನ್ನು ಕಡಿಯುವುದು ಇಲ್ಲಿ ಮೊದಲ ಔಷಧ. ಮೇಲೆ ಯಾವುದನ್ನು ಹಾಸಿದರೂ ಇದು ಬೇಕೇ ಬೇಕು.

ಎಷ್ಟು ನೀರು ಹೀರುತ್ತದೆ ಎಂಬ ಸಂಖ್ಯೆಯನ್ನು ಈ ಕಾರಣಕ್ಕೆ ಕೇಳಬೇಕು. ಎಎಸ್‌ಟಿಎಂ ಎಂಬ ಅಮೆರಿಕದ ಸಂಸ್ಥೆಯ ಮಾನದಂಡಗಳ ಪ್ರಕಾರ ತೂಕದ ಲೆಕ್ಕದಲ್ಲಿ ಗ್ರಾನೈಟಿಗೆ ಗರಿಷ್ಠ 0.4 ಶೇಕಡ, ಅಮೃತಶಿಲೆಗೆ 0.2, ಟ್ರಾವರ್ಟೈನ್‌ಗೆ 2.5 ಶೇಕಡ. ಸುಣ್ಣಕಲ್ಲನ್ನು ಸಾಂದ್ರತೆಯ ಮೇಲೆ ಮೂರು ದರ್ಜೆ ಮಾಡಿ 3, 7.5 ಮತ್ತು 12 ಶೇಕಡದ ಮಿತಿ ಇಟ್ಟಿದ್ದಾರೆ. ಸುಣ್ಣಕಲ್ಲು ಎಂಬ ಒಂದೇ ಹೆಸರಿನಡಿ ನಾಲ್ಕು ಪಟ್ಟು ಅಂತರದ ವಸ್ತುಗಳಿವೆ ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಒಂದಕ್ಕೊಂದು ಹೆಣೆದುಕೊಳ್ಳುವ ಕಾಂಕ್ರೀಟ್ ಪೇವರ್‌ಗಳಿಗೆ ಸಿ 936 ಎಂಬ ಮಾನದಂಡ ಸರಾಸರಿ 5 ಶೇಕಡ ಹೀರುವಿಕೆಯ ಮಿತಿಯನ್ನೂ, ಸರಾಸರಿ 55 ಮೆಗಾಪ್ಯಾಸ್ಕಲ್ ಒತ್ತುಶಕ್ತಿಯ ಕನಿಷ್ಠವನ್ನೂ ಕೇಳುತ್ತದೆ. ಹೋಲಿಕೆಗೆ, ಗ್ರಾನೈಟಿನಿಂದ ಕೇಳುವ ಒತ್ತುಶಕ್ತಿ 131 ಮೆಗಾಪ್ಯಾಸ್ಕಲ್. ಆದರೂ ಕಾಂಕ್ರೀಟಿನ ಪರವಾಗಿ ಒಂದು ಮಾತು ಹೇಳಲೇಬೇಕು: ಅಲ್ಲಿ ಮೊದಲ ಪೇವರ್‌ಗೂ ಹತ್ತುಸಾವಿರನೆಯ ಪೇವರ್‌ಗೂ ವ್ಯತ್ಯಾಸ ಕಡಿಮೆ. ಕಲ್ಲಿನಲ್ಲಿ ಒಂದೇ ಗಣಿಯ ಎರಡು ಪದರಗಳೇ ಬೇರೆ ಬೇರೆಯಾಗಿ ನಡೆದುಕೊಳ್ಳುತ್ತವೆ, ಹಿಂದಿನ ವರ್ಷದ ಪರೀಕ್ಷಾ ವರದಿ ಈ ವರ್ಷದ ಲಾರಿಯಲ್ಲಿ ಬಂದ ಕಲ್ಲಿಗೆ ಸಾಕ್ಷಿಯಾಗದೆ ಹೋಗಬಹುದು.

ಅಮೃತಶಿಲೆಯ ಬಗ್ಗೆ ಒಂದು ಎಚ್ಚರಿಕೆ. ಅದರ ಕ್ಯಾಲ್ಸೈಟ್ ಹರಳುಗಳು ಕಾದಾಗ ಒಂದು ದಿಕ್ಕಿಗೆ ಹಿಗ್ಗುತ್ತವೆ, ಅಡ್ಡದಿಕ್ಕಿಗೆ ಕುಗ್ಗುತ್ತವೆ. ಮತ್ತೆ ಮತ್ತೆ ಕಾದು ಆರಿದಾಗ ಹರಳುಗಳ ನಡುವಿನ ಹಿಡಿತ ಸಡಿಲವಾಗಿ, ತೆಳುಚಪ್ಪಡಿಗಳು ಬಾಗುತ್ತವೆ, ಬಲವನ್ನು ಕಳೆದುಕೊಳ್ಳುತ್ತವೆ. ಷಿಕಾಗೋದಲ್ಲಿ 1970ರ ದಶಕದ ಆರಂಭದಲ್ಲಿ ಕಟ್ಟಿದ, ಮುಂದೆ ಆಮೊಕೊ ಕಟ್ಟಡವೆಂದು ಹೆಸರಾದ ಗೋಪುರದ, ಇಟಲಿಯ ಕರಾರದಿಂದ ತಂದ ಅಮೃತಶಿಲೆಯ ಹೊದಿಕೆ ಹೀಗೆ ಬಾಗಿ, 1990ರಿಂದ 1992ರವರೆಗೆ ಅದನ್ನೆಲ್ಲ ತೆಗೆದು ಗ್ರಾನೈಟ್ ಹಾಕಬೇಕಾಯಿತು. ಹೆಲ್ಸಿಂಕಿಯ ಫಿನ್‌ಲ್ಯಾಂಡಿಯಾ ಸಭಾಭವನದ ಹೊದಿಕೆಗೂ ಇದೇ ಗತಿಯಾಯಿತು. ಇವು ಗೋಡೆಗಳು, ನೆಲವಲ್ಲ. ಆದರೆ ಬಿಸಿಲಿಗೆ ಮೈಯೊಡ್ಡಿದ ತೆಳುವಾದ ಅಮೃತಶಿಲೆಯ ಹಾಸಿಗೂ ಕಾರಣ ಅದೇ ಇದೆ. ದಪ್ಪ ಚಪ್ಪಡಿ, ಅಥವಾ ಡಾಲಮೈಟ್ ಎಂಬ ಖನಿಜ ಹೆಚ್ಚಿರುವ ಶಿಲೆ ಇದನ್ನು ಹೆಚ್ಚು ತಡೆಯುತ್ತದೆ. ಥಾಸೋಸ್‌ನ ಬಿಳಿಗಲ್ಲು ಈ ಎರಡನೆಯ ಜಾತಿಯದು.

ಹಿಗ್ಗುವಿಕೆಯ ಮಾತು ಬಂದಿರುವಾಗ ಹಾಸುವ ಕ್ರಮವನ್ನೂ ನೋಡೋಣ. ಗ್ರಾನೈಟು ಒಂದು ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 8 ಪಾಲಿನಷ್ಟು, ಕಾಂಕ್ರೀಟು ಅದರ ಜಲ್ಲಿಯನ್ನು ಅನುಸರಿಸಿ 7ರಿಂದ 12 ಪಾಲಿನಷ್ಟು ಹಿಗ್ಗುತ್ತದೆ. ಹತ್ತು ಮೀಟರ್ ಉದ್ದದ ಗ್ರಾನೈಟ್ ಹಾಸು ನಸುಕಿನಿಂದ ನಡುಹಗಲಿಗೆ 40 ಡಿಗ್ರಿ ಏರಿದರೆ ಉದ್ದ 3 ಮಿಲಿಮೀಟರಿಗಿಂತ ಹೆಚ್ಚು ಬೆಳೆಯುತ್ತದೆ. ಸಿಮೆಂಟ್ ಗಾರೆಯಲ್ಲಿ ಬಿಗಿಯಾಗಿ ಕೂರಿಸಿ, ಸಂದುಗಳನ್ನೂ ಸಿಮೆಂಟಿನಿಂದ ತುಂಬಿದ ನೆಲಕ್ಕೆ ಈ 3 ಮಿಲಿಮೀಟರ್ ಹೋಗಲು ಜಾಗವಿಲ್ಲದಿದ್ದರೆ ಅದು ಎಲ್ಲೋ ಒಂದು ಕಡೆ ಉಬ್ಬಿ ಎದ್ದುನಿಲ್ಲುತ್ತದೆ, ಇಲ್ಲವೇ ಕೆಳಗಿನ ಗಾರೆಯಿಂದ ಬಿಡಿಸಿಕೊಂಡು ಟೊಳ್ಳು ಸದ್ದು ಮಾಡತೊಡಗುತ್ತದೆ. 60 ಡಿಗ್ರಿ ಕಾದ ಚಪ್ಪಡಿಯ ಮೇಲೆ ಸಂಜೆಯ ಮಳೆ ಹಠಾತ್ತನೆ ಸುರಿದಾಗ ಮೇಲ್ಮೈ ಮಾತ್ರ ಕುಗ್ಗಿ, ಈ ಬಿಡುವಿಕೆ ಇನ್ನೂ ಬೇಗವಾಗುತ್ತದೆ. ಮರಳಿನ ಮೇಲೆ ಕೂರಿಸಿ, 2ರಿಂದ 5 ಮಿಲಿಮೀಟರ್ ಸಂದಿನಲ್ಲಿ ಮರಳು ತುಂಬಿದ ಪೇವರ್‌ಗಳಿಗೆ ಈ ಬಾಧೆ ಬಹುಪಾಲು ಇಲ್ಲ. ಪ್ರತಿ ಸಂದೂ ತನ್ನ ಪಾಲಿನ ಹಿಗ್ಗನ್ನು ನುಂಗಿಕೊಳ್ಳುತ್ತದೆ. ಕಾಂಕ್ರೀಟ್ ಪೇವರ್‌ಗೆ ಬಿಸಿಲುನಾಡಿನಲ್ಲಿ ಇರುವ ದೊಡ್ಡ ಅನುಕೂಲ ಅದರ ವಸ್ತುವಿನದ್ದಲ್ಲ, ಅದನ್ನು ಹಾಸುವ ಈ ಪದ್ಧತಿಯದ್ದು. ಕಲ್ಲನ್ನೂ ದಪ್ಪ ಸಮನಾಗಿರುವಂತೆ ಕೊಯ್ಯಿಸಿ ಇದೇ ರೀತಿ ಹಾಸಬಹುದು; ಕೆಲಸಗಾರರು ಒಪ್ಪದಿರುವುದು ಹೆಚ್ಚಾಗಿ ಅಭ್ಯಾಸಬಲದಿಂದ. ಗಾರೆಯನ್ನೇ ಬಳಸುವುದಾದರೆ ನಡುಹಗಲಿನ ಕೆಲಸ ಬೇಡ: ಚದರ ಮೀಟರಿಗೆ ಗಂಟೆಗೆ ಒಂದು ಕಿಲೋ ನೀರು ಆವಿಯಾಗುವ ಮಟ್ಟ ದಾಟಿದರೆ ಹಸಿ ಕಾಂಕ್ರೀಟು ಗಟ್ಟಿಯಾಗುವ ಮೊದಲೇ ಬಿರುಕು ಬಿಡಬಹುದು ಎಂಬುದು ಎಂಜಿನಿಯರುಗಳು ಬಹುಕಾಲದಿಂದ ಬಳಸುತ್ತಿರುವ ಎಚ್ಚರಿಕೆಯ ಗೆರೆ, ಒಣಗಾಳಿ ಬೀಸುವ ದಿನ ಅದನ್ನು ದಾಟುವುದು ಸುಲಭ.

ವಾಹನದ ಭಾರ ಬೀಳುವಲ್ಲಿ 80 ಮಿಲಿಮೀಟರ್ ಪೇವರ್, ನಡೆದಾಡುವಲ್ಲಿ 60 ಮಿಲಿಮೀಟರ್ ಸಾಕು. ಚಕ್ರ ತಿರುಗುವ ಜಾಗದಲ್ಲಿ ಮೀನಿನ ಮುಳ್ಳಿನಂತೆ ಓರೆಯಾಗಿ ಹೆಣೆಯುವ ಹೆರಿಂಗ್‌ಬೋನ್ ಜೋಡಣೆಯೇ ಗಟ್ಟಿ. ಕಲ್ಲಿನ ಚಪ್ಪಡಿ ಮುರಿಯುವ ಭಾರ ದಪ್ಪದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 20ರ ಬದಲು 30 ಮಿಲಿಮೀಟರ್ ತೆಗೆದುಕೊಂಡರೆ ಎರಡೂಕಾಲು ಪಟ್ಟು ಬಲ ಬರುತ್ತದೆ. ತಂಪಿಗಾಗಿ ಬೇಡವೆಂದ ದಪ್ಪ ಇಲ್ಲಿ ಬೇಕಾಗುತ್ತದೆ.

ಬಣ್ಣದ ಬಾಳಿಕೆಯಲ್ಲಿ ಕಲ್ಲು ಮುಂದಿದೆ ಎಂಬುದನ್ನು ಒಪ್ಪಲೇಬೇಕು. ಪೇವರ್‌ನ ಕೆಂಪು, ಹಳದಿ ಬಣ್ಣ ಕೊಡುವ ಕಬ್ಬಿಣದ ಆಕ್ಸೈಡುಗಳು ಬಿಸಿಲಿಗೆ ಮಾಸುವುದಿಲ್ಲ; ಆದರೆ ಅವನ್ನು ಹಿಡಿದಿರುವ ಸಿಮೆಂಟಿನ ತೆಳುಪದರ ಸವೆದು ಒಳಗಿನ ಜಲ್ಲಿ ಮರಳಿನ ಬಣ್ಣ ಇಣುಕುತ್ತದೆ. ಇಂಗಾಲದ ಕಪ್ಪು ಬಳಸಿದ್ದರೆ ಅದು ಮಳೆಗೆ ತೊಳೆದೇ ಹೋಗುತ್ತದೆ. ಹೊಸ ಪೇವರ್‌ಗಳ ಮೇಲೆ ಮೂಡುವ ಬಿಳಿಪುಡಿಯನ್ನು ಕಂಡು ಗಾಬರಿಯಾಗಬೇಕಿಲ್ಲ: ಸಿಮೆಂಟಿನ ಸುಣ್ಣ ನೀರಿನ ಜೊತೆ ಮೇಲೆ ಬಂದು ಗಾಳಿಯ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಆಗುವ ಕ್ಯಾಲ್ಸಿಯಂ ಕಾರ್ಬೊನೇಟ್ ಅದು, ಕಾಲಕ್ರಮದಲ್ಲಿ ತಾನಾಗಿ ಹೋಗುತ್ತದೆ. ಆಮ್ಲ ಹಾಕಿ ಉಜ್ಜಿದರೆ ಪೇವರ್‌ನ ಮುಖವೂ ಅದರ ಜೊತೆಗೆ ಹೋಗುತ್ತದೆ. ಸುಣ್ಣಕಲ್ಲು, ಅಮೃತಶಿಲೆಗಳಿಗೂ ಆಮ್ಲ ಕೂಡದು. ಇನ್ನು ಸದಾ ಒದ್ದೆಯಾಗಿ ಹೊಳೆಯುವಂತೆ ಕಾಣಿಸುವ ಲೇಪಗಳನ್ನು ಕಲ್ಲಿಗಾಗಲಿ ಕಾಂಕ್ರೀಟಿಗಾಗಲಿ ಬಳಿಯಬಾರದು. ಅವು ಬಣ್ಣವನ್ನು ಗಾಢಗೊಳಿಸುತ್ತವೆ, ತಿಳಿಬಣ್ಣವನ್ನು ಹುಡುಕಿ ಆರಿಸಿದ ಶ್ರಮವೆಲ್ಲ ಒಂದೇ ಡಬ್ಬದಲ್ಲಿ ಕರಗುತ್ತದೆ. ರಂಧ್ರದೊಳಗೆ ಇಳಿದು ಮೇಲೆ ಪದರ ಕಟ್ಟದ ಸಿಲೇನ್, ಸಿಲಾಕ್ಸೇನ್ ಬಗೆಯವು ಪರವಾಗಿಲ್ಲ.

ಮೇಲ್ಮೈಯ ಕೆಲಸದಲ್ಲೂ ಬಣ್ಣದ ಲೆಕ್ಕ ಮರಳಿ ಬರುತ್ತದೆ. ಪಾಲಿಶ್ ಮಾಡಿದ ಗ್ರಾನೈಟು ಗಾಢವಾಗಿ ಕಾಣುತ್ತದೆ, ಒದ್ದೆಯಾದಾಗ ಜಾರುತ್ತದೆ. ಅದೇ ಕಲ್ಲಿಗೆ ಜ್ವಾಲೆ ಹಾಯಿಸಿದರೆ, 573 ಡಿಗ್ರಿಯಲ್ಲಿ ಕ್ವಾರ್ಟ್ಜ್ ಹರಳಿನ ರಚನೆ ಬದಲಾಗಿ ಹಠಾತ್ತನೆ ಹಿಗ್ಗಿ, ಮೇಲಿನ ಚಕ್ಕೆಗಳು ಸಿಡಿದು, ಒರಟಾದ, ಎಷ್ಟೋ ತಿಳಿಯಾದ ಮೈ ಸಿಗುತ್ತದೆ. ಕ್ವಾರ್ಟ್ಜ್ ಇಲ್ಲದ ಸುಣ್ಣಕಲ್ಲಿಗೆ ಈ ವಿಧಾನ ನಡೆಯುವುದಿಲ್ಲ. ಅದನ್ನು ಹಲ್ಲಿನ ಸುತ್ತಿಗೆಯಿಂದ ಬಡಿದೋ ಮರಳು ಊದಿಯೋ ಒರಟು ಮಾಡಬೇಕು. ಕಲ್ಲಾಗಲಿ ಪೇವರಾಗಲಿ ಕೊಯ್ಯುವಾಗ ನೀರು ಹಾಯಿಸಿಯೇ ಕೊಯ್ಯಿಸಬೇಕು, ಏಕೆಂದರೆ ಒಣಗೊಯ್ತದ ಸಿಲಿಕಾ ಧೂಳು ಕೆಲಸಗಾರರ ಪುಪ್ಪುಸಕ್ಕೆ ಸೇರಿದರೆ ಮರಳಿ ಬರುವುದಿಲ್ಲ.

ಪರಿಸರದ ಭಾರದ ವಿಷಯದಲ್ಲಿ ಸಿಮೆಂಟಿನ ಪಾಲು ದೊಡ್ಡದು. ಸಿಮೆಂಟಿನ ಮೂಲವಸ್ತುವಾದ ಕ್ಲಿಂಕರ್ ಒಂದು ಟನ್ ತಯಾರಿಸುವಾಗ ಮುಕ್ಕಾಲು ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಹತ್ತಿರದ ಗಣಿಯ ಕಲ್ಲು ಇಲ್ಲಿ ನಿಸ್ಸಂದೇಹವಾಗಿ ಗೆಲ್ಲುತ್ತದೆ, ಖಂಡ ದಾಟಿ ಬರುವ ಕಲ್ಲಿನ ಬಗ್ಗೆ ಹಾಗೆ ಹೇಳಲಾಗದು.

ಹಾಗಾದರೆ ನನ್ನ ಆಯ್ಕೆ ಏನು? ಬರಿಗಾಲಿನಲ್ಲಿ ಓಡಾಡುವ ಈಜುಕೊಳದ ಅಂಚಿಗೆ, ಜಗಲಿಗೆ, ಒಳಾಂಗಣಕ್ಕೆ ತಿಳಿಬಣ್ಣದ, ಒರಟು ಮೈಯ, ಸಾಂದ್ರವಾದ ಸುಣ್ಣಕಲ್ಲು ಅಥವಾ ತಿಳಿ ಗ್ರಾನೈಟು. ಕೊಳದ ನೀರು ಉಪ್ಪಿನದ್ದಾದರೆ ಗ್ರಾನೈಟ್ ಮಾತ್ರ. ವಾಹನ ಓಡಾಡುವಲ್ಲಿ, ಕೆಳಗೆ ಕೊಳವೆ ಕೇಬಲ್ಲುಗಳಿದ್ದು ಮುಂದೆ ಅಗೆಯಬೇಕಾಗಿ ಬರಬಹುದಾದಲ್ಲಿ, ಮಣ್ಣು ಕುಸಿಯುವ ಸಂಶಯವಿರುವಲ್ಲಿ, ತಿಳಿಬೂದು ಕಾಂಕ್ರೀಟ್ ಪೇವರ್. ಎತ್ತಿ, ಕೆಳಗೆ ಸರಿಮಾಡಿ, ಅದನ್ನೇ ಮತ್ತೆ ಕೂರಿಸಬಹುದು. ಕಪ್ಪು ಅಥವಾ ಗಾಢಬಣ್ಣದ್ದು ಬಿಸಿಲಿಗೆ ತೆರೆದ ಯಾವ ಜಾಗಕ್ಕೂ ಬೇಡ, ಅದು ಎಷ್ಟೇ ಚೆಂದದ ಕಲ್ಲಾಗಿರಲಿ.

ತೀರ್ಮಾನಕ್ಕೆ ಮೊದಲು ಮಾದರಿಗಳನ್ನು ತಂದು, ಹಾಸಬೇಕಾದ ಜಾಗದಲ್ಲೇ, ಮರಳಿನ ಮೇಲೆ ಅಕ್ಕಪಕ್ಕ ಇಟ್ಟು ಕೆಲವು ದಿನ ಬಿಸಿಲಿಗೆ ಬಿಡಬೇಕು. ಮಧ್ಯಾಹ್ನ ಎರಡು ಮೂರು ಗಂಟೆಗೆ ಅವಗೆಂಪು ತಾಪಮಾಪಕದಿಂದ ಅಳೆದು ನೋಡಬಹುದು. ಲೋಹವಲ್ಲದ ಈ ವಸ್ತುಗಳ ಮೇಲೆ ಅದು ಸಾಕಷ್ಟು ನಂಬಿಕೆಗೆ ಅರ್ಹ. ಸಂಜೆ ಏಳರ ಹೊತ್ತಿಗೆ ಮತ್ತೊಮ್ಮೆ ಅಳೆಯಬೇಕು, ಮಧ್ಯಾಹ್ನದ ಕ್ರಮ ಆಗ ತಲೆಕೆಳಗಾಗಿರಬಹುದು. ಒಂದು ಮಾದರಿಗೆ ಮಣ್ಣಿನ ನೀರನ್ನು ಸುರಿದು ಒಣಗಿಸಿ, ತೊಳೆದ ಮೇಲೂ ಎಷ್ಟು ಬಣ್ಣ ಕೆಟ್ಟಿದೆ ಎಂದು ನೋಡುವುದೂ ಉಪಯುಕ್ತ.

ಉಪನ್ಯಾಸದ ನಂತರ ಸಭಿಕರೊಬ್ಬರು ಕೇಳಿದ ಪ್ರಶ್ನೆಗೆ ಇಲ್ಲಿ ಉತ್ತರ ಸೇರಿಸುತ್ತಿದ್ದೇನೆ: ಗಾಢಬಣ್ಣದ ಕಲ್ಲನ್ನು ಈಗಾಗಲೇ ಹಾಸಿಸಿಬಿಟ್ಟವರು ಏನು ಮಾಡಬೇಕು? ಕಿತ್ತೆಸೆಯುವ ಅಗತ್ಯವಿಲ್ಲ. ಪಾಲಿಶ್ ಮೈ ಇರುವ ಗ್ರಾನೈಟಾದರೆ, ಚಪ್ಪಡಿಗೆ ಸಾಕಷ್ಟು ದಪ್ಪವಿದ್ದಲ್ಲಿ, ಸ್ಥಳದಲ್ಲೇ ಒರಟು ಮಾಡಿಸಿ ಬಣ್ಣವನ್ನು ತುಸು ತಿಳಿಗೊಳಿಸಬಹುದು. ಬಿಳಿ ಬಣ್ಣ ಬಳಿಯುವುದನ್ನು ಓಡಾಡುವ ನೆಲಕ್ಕೆ ನಾನು ಸೂಚಿಸುವುದಿಲ್ಲ, ಅದು ಸವೆದು ತೇಪೆತೇಪೆಯಾಗುತ್ತದೆ, ಒದ್ದೆಯಾದಾಗ ಜಾರುತ್ತದೆ. ಪಶ್ಚಿಮ ಮತ್ತು ನೈರುತ್ಯದ ಬಿಸಿಲು ಬೀಳುವ ಪಟ್ಟಿಯನ್ನು ಗುರುತು ಮಾಡಿ, ಅಲ್ಲಿಂದ ಒಂದೆರಡು ಸಾಲು ಚಪ್ಪಡಿಯನ್ನು ಎತ್ತಿಸಿ, ಆ ಮಣ್ಣಿನಲ್ಲಿ ನೆರಳು ಕೊಡುವ ಮರವನ್ನು ನೆಡಿಸಬೇಕು; ಮರ ಬೆಳೆಯುವವರೆಗೆ ಬಟ್ಟೆಯ ಚಪ್ಪರ ಸಾಕು. ಎತ್ತಿದ ಚಪ್ಪಡಿಗಳನ್ನು ಜೋಪಾನವಾಗಿ ಇಟ್ಟುಕೊಂಡರೆ ಮುಂದೆ ಒಡೆದವುಗಳ ಜಾಗಕ್ಕೆ ಅದೇ ಗಣಿಯ, ಅದೇ ಬಣ್ಣದ ಕಲ್ಲು ಹುಡುಕುವ ತಾಪತ್ರಯವೂ ತಪ್ಪುತ್ತದೆ.